ಮಂಜು ಅನ್ನಬೇಕಂತೆ

“ಅಯ್ಯೋ, ಕಣ್ಣಿಗೆ ಪೊರೆ ಬಂದಿರೋದು ನನಗೊಬ್ಬಳಿಗೇ ಅಂದ್ಕೊಂಡಿದ್ದೆ!” ಗುಡ್ಡದ ತುದಿಯ ಕಂಬಿ ಹಿಡಿದು ಅಜ್ಜಿ ಕೂಗಿದಳು. ಬಸ್ಸಿನಿಂದ ಇಳಿದವರೆಲ್ಲ ಗೊಳ್ಳೆಂದು ನಕ್ಕರು.

ಗೈಡ್‌ಗೆ ನಗು ಬರಲಿಲ್ಲ. ಕಂಬಿಯ ಆಚೆ ಕೆರೆ, ಸೇತುವೆ, ಊರು ಕಾಣಬೇಕಿತ್ತು. ಕಂಡದ್ದು ಬೂದಿ ಬಣ್ಣದ ಗೋಡೆ. ಆ ದರಿದ್ರ ಗೋಡೆಯಿಂದಲೇ ಗುಡ್ಡದ ಹೋಟೆಲಿನ ಅಡುಗೆಯವನು ಊರು ಬಿಟ್ಟಿದ್ದ; ಫೋಟೊದವನು ಪಾಸ್‌ಪೋರ್ಟ್ ಅಳತೆಯ ಮೋರೆಗಳನ್ನು ತೆಗೆಯಲು ಪೇಟೆಗೆ ಇಳಿದಿದ್ದ. ಉಳಿದದ್ದು ಇವನು ಮತ್ತು ಚಿಕ್ಕಪ್ಪನ ಬಸ್ಸು.

“ಈ ಗುಂಪೂ ಮುಖ ಊದಿಸ್ಕೊಂಡು ಇಳಿದ್ರೆ ಬಸ್ಸು ಮಾರ್ತೀನಿ, ನೀನು ಬೇರೆ ದಾರಿ ನೋಡ್ಕೋ,” ಎಂದು ಚಿಕ್ಕಪ್ಪ ಬೆಳಿಗ್ಗೆಯೇ ಹೇಳಿದ್ದ. “ಏನಿದು ಅಂತ ಕೇಳಿದ್ರೆ ಬಾಯಿ ಮುಚ್ಕೊಂಡು ಮಂಜು ಅನ್ನು.” ಬಾಯಿ ಮುಚ್ಚಿಕೊಂಡು ಮಂಜು ಅನ್ನುವುದು ಹೇಗೆಂದು ಕೇಳಿ ಇವನು ಇನ್ನಷ್ಟು ಬೈಸಿಕೊಂಡಿದ್ದ.

“ಮಂಜು, ಅಜ್ಜಿ,” ಎಂದ.

ಅಜ್ಜಿ ಮೂಗರಳಿಸಿ ಗಾಳಿ ಎಳೆದುಕೊಂಡಳು. “ಮಂಜು ಯಾವಾಗಿಂದ ಗಂಟಲು ಕೆರೆಯೋಕೆ ಶುರು ಮಾಡ್ತು ಮಗಾ?”

ಅವನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. “ಮಂಜೂ ಇಲ್ಲ, ಮಣ್ಣೂ ಇಲ್ಲ! ಹೊಗೆ! ಕೆಳಗೆ ಕಬ್ಬಿಣ ಕರಗಿಸೋ ಕಾರ್ಖಾನೆ ಇದೆಯಲ್ಲ, ಅವರು ನಮ್ಮ ಅನ್ನಕ್ಕೆ ಉಗುಳಿರೋದು. ಅಲ್ಲಿ ಕೆಲಸ ಮಾಡೋರು ಒಂದು ದಿನ ಇಲ್ಲಿ ಬಂದು ನಿಂತು ನೋಡ್ಲಿ!”

ಅಜ್ಜಿಯ ಮಗ, ಗುಂಪನ್ನು ಕರೆತಂದಿದ್ದ ಮೇಸ್ತ್ರಿ, ಟೋಪಿ ತೆಗೆದು ತಲೆ ಕೆರೆದುಕೊಂಡ.

“ಬಂದು ನಿಂತಿದ್ದೀವಲ್ಲಪ್ಪಾ.”

“ಯಾರು?”

“ನಾವೇ, ಆ ಕಾರ್ಖಾನೆಯ ಕುಲುಮೆ ಕಡೆಯೋರು. ಹೆಂಡ್ತಿ, ಮಕ್ಕಳು, ಅಮ್ಮನ ಸಮೇತ. ಬೈಯೋದು ಇನ್ನೂ ಉಳಿದಿದ್ರೆ ಮುಗಿಸಿಬಿಡು.”

ಗೈಡ್‌ಗೆ ಬಸ್ಸು ಮಾರಿಹೋದದ್ದು ಕಣ್ಣಿಗೆ ಕಟ್ಟಿತು. ಆದರೂ ಸಿಟ್ಟು ಜಗ್ಗಲಿಲ್ಲ. “ನಿಮಗೆ ಸಂಬಳ, ನನಗೆ ಹೊಗೆ. ಇದ್ಯಾವ ನ್ಯಾಯ?”

“ನಮಗೆ ಎರಡೂ,” ಎಂದಳು ಮೇಸ್ತ್ರಿಯ ಹೆಂಡತಿ. “ಮದುವೆಯಾಗಿ ಬಂದಮೇಲೆ ನಾನು ಬಿಳಿ ಬಟ್ಟೆ ಹೊರಗೆ ಒಣಹಾಕಿದ್ದೇ ಇಲ್ಲ.”

ಮೇಸ್ತ್ರಿ ಕಂಬಿಗೆ ಒರಗಿದ. “ಅಲ್ಲಯ್ಯಾ ಪುಣ್ಯಾತ್ಮ, ನಾವೆಲ್ಲ ಇಲ್ಲಿದ್ರೆ ಅಲ್ಲಿ ಬೆಂಕಿ ಹಾಕೋರು ಯಾರು? ರಿಪೇರಿ ಅಂತ ನಿನ್ನೆನೇ ಕುಲುಮೆ ಆರಿಸಿದ್ದಾರೆ, ಅದಕ್ಕೇ ರಜ. ಇದು ಉಳಿದಿರೋ ಹೊಗೆ. ಗಾಳಿ ಬೀಸ್ಲಿ, ಕಾಯೋಣ.”

“ಹೀಗೆ ಆಗಾಗ ಆರಿಸ್ತಾರಾ?”

“ತಿಂಗಳಿಗೊಂದ್ಸಲ. ನಂಬರ್ ಕೊಡು, ಮುಂಚೆನೇ ಹೇಳ್ತೀನಿ. ನಿನ್ನ ಬಸ್ಸು ಆ ದಿನ ಹತ್ತಿಸು. ಉಳಿದ ದಿನಕ್ಕೆ ನಮ್ಮ ಸಾಹೇಬರನ್ನ ಇಲ್ಲಿಗೆ ಕರ್ಕೊಂಡು ಬಾ, ಈಗ ಬೈದ ಹಾಗೇ ಬೈ. ನಾನು ಹಿಂದೆ ನಿಂತು ಕೇಳ್ತೀನಿ.”

ಬುತ್ತಿ ಬಿಚ್ಚಿದರು. ಇವನ ಕೈಗೂ ಒಂದು ತಟ್ಟೆ ಬಂತು. ಊಟ ಮುಗಿಯುವ ಹೊತ್ತಿಗೆ ಗಾಳಿ ಎದ್ದಿತು. ಮೊದಲು ಸೇತುವೆಯ ಬೆನ್ನು ಕಂಡಿತು, ಆಮೇಲೆ ಕೆರೆ ಮಿಂಚಿತು. ಗೈಡ್ ಉಬ್ಬಿಹೋದ.

“ಈ ಸೇತುವೆ ಕಟ್ಟಿದ್ದು...”

ಕೇಳುವವರು ಯಾರು? ಎಲ್ಲರೂ ಕಾರ್ಖಾನೆಯ ಪಕ್ಕದ ಮನೆಗಳ ಕಡೆ ಬಾಗಿದ್ದರು. “ಅದೋ ನಮ್ಮನೆ!” “ನಿಮ್ಮದಲ್ಲ ಕಣೇ, ಅದು ನಾದಿನಿದು!”

“ಮಗಾ, ನಮ್ಮನೆ ತೋರಿಸೋ,” ಎಂದು ಅಜ್ಜಿ ಇವನ ತೋಳು ಜಗ್ಗಿದಳು. “ಅಂಗಳದಲ್ಲಿ ನೀಲಿ ಡ್ರಮ್ಮಿದೆ.”

ಗೈಡ್ ಮಂಡಿಯೂರಿ, ಅವಳ ಕೆನ್ನೆಯ ಪಕ್ಕಕ್ಕೆ ಕೆನ್ನೆ ತಂದು, ಬೆರಳು ಚಾಚಿ ಹುಡುಕಿದ. ನೀಲಿಯ ಚುಕ್ಕೆಯೊಂದು ಸಿಕ್ಕಿತು. ಅದರ ಪಕ್ಕದಲ್ಲಿ ಇರುವೆಯಷ್ಟು ಗಾತ್ರದ ಯಾರೋ ಒಬ್ಬರು. “ಡ್ರಮ್ ಸಿಕ್ತು ಅಜ್ಜಿ, ಪಕ್ಕದಲ್ಲಿ ಯಾರೋ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ,” ಎಂದ.

“ನಮ್ಮ ಯಜಮಾನರು! ಗುಡ್ಡದಲ್ಲಿ ನೋಡೋಕೆ ಏನಿದೆ ಅಂತ ಬರಲೇ ಇಲ್ಲ ಮುದುಕ!”

ಅಜ್ಜಿ ಸೆರಗು ಎತ್ತಿ ಬೀಸಿದಳು. ಗೈಡ್ ಕೂಡ ಕೈಯೆತ್ತಿ ಬೀಸಿದ.