ಲಕ್ಕೂರಿನ ಹನ್ನೊಂದು ವರ್ಷ

ನಮ್ಮ ಕಾನ್ಫರೆನ್ಸಿನ ಚರಿತ್ರೆಯ ಪುಸ್ತಕ ಸೋಮವಾರ ಪ್ರೆಸ್ಸಿಗೆ ಹೋಗಬೇಕಿತ್ತು. ಶುಕ್ರವಾರ ಮಧ್ಯಾಹ್ನ ಕೋಲಾರದ ಚರ್ಚ್ ಆಫೀಸಿನಲ್ಲಿ ಕರಡು ತಿದ್ದುತ್ತಾ ಕೂತಿದ್ದೆ. ಮಾಲೂರು ತಾಲ್ಲೂಕಿನ ಪುಟ ಬಂದದ್ದೇ ಪಿತ್ತ ನೆತ್ತಿಗೇರಿತು. ಲಕ್ಕೂರು ಸಭೆಯ ಪಾಸ್ಟರುಗಳ ಪಟ್ಟಿಯಲ್ಲಿ ೧೯೬೮ರಿಂದ ೧೯೭೮ರವರೆಗೆ ಹನ್ನೊಂದು ಸಾಲು, ಹನ್ನೊಂದರಲ್ಲೂ ಒಂದೇ ಮಾತು: 'ಭರ್ತಿಯಾಗಬೇಕಿದೆ'.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನಮ್ಮ ಸಭೆಗಳೆಲ್ಲ ವರ್ಷಕ್ಕೊಮ್ಮೆ ಕಾನ್ಫರೆನ್ಸಿಗೆ ಸೇರುತ್ತವೆ. ಕೊನೆಯ ದಿನ ಬಿಷಪ್ ಎದ್ದು ಯಾವ ಪಾಸ್ಟರ್ ಯಾವ ಊರಿಗೆ ಎಂದು ಓದುತ್ತಾರೆ. ಯಾರೂ ಸಿಗದ ಊರಿಗೆ 'ಭರ್ತಿಯಾಗಬೇಕಿದೆ' ಎಂದು ಓದಿ ಮುಂದಕ್ಕೆ ಹೋಗುತ್ತಾರೆ. ಓದುವವರದ್ದೇನು ಹೋಗುತ್ತದೆ? ಲಕ್ಕೂರಿನಲ್ಲಿ ಆ ಹನ್ನೊಂದು ವರ್ಷ ಗಂಟೆ ಹೊಡೆದವಳು, ಭಾನುವಾರ ವಾಕ್ಯ ಹೇಳಿದವಳು, ಸತ್ತವರನ್ನು ಮಣ್ಣು ಮಾಡಿಸಿದವಳು ನಮ್ಮಮ್ಮ ಅಂಜಮ್ಮ. ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುವ ಬೈಬಲ್ ವುಮನ್ ಅವಳು. ಅಂಥವರ ಹೆಸರು ಆ ಪಟ್ಟಿಗೆ ಬರುತ್ತಿರಲಿಲ್ಲ. ಈಗ ಅವಳಿಗೆ ಎಂಬತ್ತೆಂಟು. ಪುಸ್ತಕ ಯಾವಾಗ ಬರುತ್ತದೆ ಎಂದು ದಿನಾ ಕೇಳುತ್ತಾಳೆ, ತನ್ನ ಹೆಸರು ಇರುತ್ತದಾ ಎಂದು ಮಾತ್ರ ಕೇಳುವುದಿಲ್ಲ.

“ನಮ್ಮಮ್ಮ ಲೆಕ್ಕಕ್ಕೇ ಇಲ್ವಾ ನಿಮಗೆ?” ಎಂದೆ.

ಎದುರಿಗೆ ಕೂತಿದ್ದವರು ಪುಸ್ತಕದ ಸಂಪಾದಕರು, ಪಾಸ್ಟರ್ ಅರುಣ್‌ಕುಮಾರ್. ಒಳ್ಳೆಯ ಮನುಷ್ಯ, ಆದರೆ ಕಾಗದ ಇಲ್ಲದೆ ಕಣ್ಣೆದುರಿನ ಮರವನ್ನೂ ನಂಬುವುದಿಲ್ಲ. “ಟೀಚರ್, ಬಾಯಿ ಮಾತು ಸಾಲ್ದು. ಆ ಕಾಲದ ಒಂದು ದಾಖಲೆ ತಂದ್ಕೊಡಿ, ಹಾಕ್ತೀನಿ” ಎಂದರು.

ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದೇ ಆಯಿತು. ಶನಿವಾರ ಬೆಳಿಗ್ಗೆ ಹೊರಟೆ. ಮಾಲೂರಿನಲ್ಲಿ ಲಕ್ಕೂರು ಬಸ್ಸು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಕಂಡಕ್ಟರನ ಜೊತೆಗೂ ಜಗಳವಾಯಿತು. ಲಕ್ಕೂರಿನಲ್ಲಿ ಸಭೆಯ ಬೀಗದ ಕೈ ಇಟ್ಟುಕೊಂಡಿರುವ ಮುನಿಯಲ್ಲಮ್ಮ ಬೀರು ತೆಗೆದು ಸಮಾಧಿ ರಿಜಿಸ್ಟರ್ ಕೊಟ್ಟಳು.

ಎಲ್ಲ ಅಮ್ಮನ ದುಂಡನೆಯ ಅಕ್ಷರ. ನನಗೆ ಜೀವ ಬಂತು. ಆದರೆ 'ನೆರವೇರಿಸಿದವರು' ಎಂಬ ಕಡೆ ನೋಡಿದರೆ ತೆರೆದ ಪುಟದ ಪ್ರತಿ ಸಾಲಿನಲ್ಲೂ 'ಕೋಲಾರದ ಸೂಪರಿಂಟೆಂಡೆಂಟರು'. ಪಾಸ್ಟರುಗಳಿಗೆಲ್ಲ ಮೇಲಧಿಕಾರಿಯಾದ ಆ ಪುಣ್ಯಾತ್ಮರು ಲಕ್ಕೂರಿಗೆ ವರ್ಷಕ್ಕೆ ಎರಡು ಸಲ ಬಂದಿದ್ದರೆ ಹೆಚ್ಚು.

“ಮಣ್ಣು ಮಾಡೋವಾಗ ಪ್ರಾರ್ಥನೆ ಪುಸ್ತಕ ಎಲ್ಲಾ ನಿಮ್ಮಮ್ಮನೇ ಓದಿದ್ದು, ನಾನೇ ಕಣ್ಣಾರೆ ನೋಡಿದೀನಿ” ಎಂದಳು ಮುನಿಯಲ್ಲಮ್ಮ.

ಅಮ್ಮನಿಗೆ ಫೋನ್ ಮಾಡಿದೆ. “ಇದೇನಮ್ಮ ಮಾಡಿಟ್ಟಿದ್ದೀಯ?”

“ಹೆಂಗಸು ಮಣ್ಣು ಮಾಡಿಸೋ ಹಂಗಿರಲಿಲ್ಲ ಕಣೇ ಭಾರತಿ. ನನ್ನ ಹೆಸರು ಬರೆದಿದ್ರೆ ಬಂದು ನಿಲ್ಲಿಸಿಬಿಡ್ತಿದ್ರು. ಪಾಸ್ಟರ್ ಬರೋಗಂಟ ಹೆಣ ಕಾಯ್ಕೊಂಡು ಕೂತಿರ್ತದಾ?”

“ನಿನ್ನ ಹೆಸರು ನೀನೇ ಅಳಿಸ್ಕೊಂಡೆ, ಮಹರಾಯ್ತಿ” ಎಂದು ಫೋನಿಟ್ಟೆ. ಕೈ ಸುಮ್ಮನಿರಲಿಲ್ಲ, ಪುಟ ಮಗುಚುತ್ತಲೇ ಹೋದೆ. ೧೯೭೪ಕ್ಕೆ ಬಂದು ನಿಂತೆ. ಅದು ಅಪ್ಪ ತೀರಿಕೊಂಡ ವರ್ಷ. ಕೋಲಾರದ ಬೋರ್ಡಿಂಗ್ ಸ್ಕೂಲಿನಿಂದ ನಾನು ಬರುವ ಹೊತ್ತಿಗೆ ಮಣ್ಣು ಮುಚ್ಚಿಯಾಗಿತ್ತು. ಯಾರು ಓದಿದರು ಎಂದು ಕೇಳಿದರೆ ಅಮ್ಮ ಯಾವತ್ತೂ ಮಾತು ತಿರುಗಿಸುತ್ತಿದ್ದಳು. ಅಪ್ಪನ ಸಾಲಿನಲ್ಲಿ 'ಕೋಲಾರದ' ಎಂದು ಬರೆದು ಹೊಡೆದುಹಾಕಿತ್ತು. ಪಕ್ಕದಲ್ಲಿ 'ಅಂಜಮ್ಮ' ಎಂದಿತ್ತು.

ರಿಜಿಸ್ಟರನ್ನು ಎದೆಗವಚಿಕೊಂಡು ಕೋಲಾರಕ್ಕೆ ಬಂದು ಪಾಸ್ಟರ್ ಮುಂದೆ ಇಟ್ಟೆ. ಅವರು ಆ ಸಾಲನ್ನು ಎರಡು ಸಲ ಓದಿದರು. “ಒಂದು ವರ್ಷಕ್ಕೆ ದಾಖಲೆ ಆಯ್ತು ಟೀಚರ್. ಮಿಕ್ಕ ಹತ್ತಕ್ಕೆ ಅವರೇ ಬೇರೆಯವರ ಹೆಸರು ಬರೆದಿದಾರಲ್ಲ, ನಾನೇನು ಮಾಡ್ಲಿ?” ಎಂದರು. ಸಂಜೆಯವರೆಗೆ ಜಗಳವಾಡಿದೆ. ಮನುಷ್ಯ ಜಪ್ಪಯ್ಯ ಅನ್ನಲಿಲ್ಲ.

ತಿಂಗಳಾದ ಮೇಲೆ ಪುಸ್ತಕ ಬಂತು. ಲಕ್ಕೂರಿನ ಹನ್ನೊಂದು ಸಾಲಿನಲ್ಲಿ ಹತ್ತು ಹಾಗೇ ಇದ್ದವು. ಏಳನೆಯದರಲ್ಲಿ 'ಅಂಜಮ್ಮ, ಬೈಬಲ್ ವುಮನ್'. ಅದನ್ನು ಅಮ್ಮನ ಮುಂದೆ ಹಿಡಿದಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ.

“ತಗೋ, ಹನ್ನೊಂದರಲ್ಲಿ ಒಂದು. ಎಲ್ಲಾದಕ್ಕೂ ಅವರ ಹೆಸರು ಬರೆದವಳು ಅಪ್ಪಂದಕ್ಕೆ ಮಾತ್ರ ಯಾಕೆ ನಿನ್ನ ಹೆಸರು ಬರೆದೆ?”

ಅಮ್ಮ ಪುಸ್ತಕ ಮಡಿಲಿಗೆ ಇಟ್ಟುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟಳು.

“ಮಿಕ್ಕಿದ್ದೆಲ್ಲಾ ಚೆನ್ನಾಗೇ ಓದಿದ್ದೆ ಕಣೇ. ಅವತ್ತು ಬರೀ ಅಳು. ಅರ್ಧ ಬಾಯಿಗೇ ಬರಲಿಲ್ಲ, ನಡುವೆ ಒಂದು ಪುಟಾನೇ ಬಿಟ್ಟೋಯ್ತು. ಅಷ್ಟು ಕೆಟ್ಟದಾಗಿ ಓದಿಬಿಟ್ಟು, ಅಂಥಾ ದೊಡ್ಡ ಮನುಷ್ಯರ ಹೆಸರು ಹೆಂಗೆ ಬರೀಲಿ ಹೇಳು?”

ಪುಸ್ತಕ ಅವಳ ಮಡಿಲಲ್ಲೇ ಬಿಟ್ಟು ಪಕ್ಕದಲ್ಲಿ ಕೂತೆ.