ತಾನೇ ಕೊಟ್ಟುಕೊಂಡ ಅಪ್ಪಣೆ

ಲಿಫ್ಟ್ ಮೆಕ್ಯಾನಿಕ್ಕಿಗೆ ಜೊತೆ ಕೆಲಸದವರು ಇಟ್ಟ ಹೆಸರು ಪೈಲಟ್. ಅದು ಹೊಗಳಿಕೆಯಲ್ಲ ಅನ್ನುವುದು ಅವನಿಗೂ ಗೊತ್ತಿತ್ತು. ಹಗಲೆಲ್ಲ ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಹನ್ನೆರಡು ಅಂತಸ್ತು ಹತ್ತಿ ಇಳಿಯುವ ಮನುಷ್ಯ, ಸಂಜೆ ಕೈ ತೊಳೆದು ಕಂಪ್ಯೂಟರಿನ ಮುಂದೆ ಕೂತನೆಂದರೆ ಮುನ್ನೂರು ಜನರನ್ನು ವಿಮಾನದಲ್ಲಿ ಸಮುದ್ರ ದಾಟಿಸುತ್ತಿದ್ದ. ಯಾರಾದರೂ ಅದನ್ನು ಆಟ ಅಂದರೆ ಅವನಿಗೆ ಉರಿಯುತ್ತಿತ್ತು. ಒಳಗೊಳಗೆ ತಾನೂ ಹಾಗೇ ಅಂದುಕೊಳ್ಳುತ್ತಿದ್ದುದರಿಂದ ಉರಿ ಸ್ವಲ್ಪ ಜಾಸ್ತಿಯೇ.

ಮಂಚಕ್ಕೂ ಬೀರುವಿಗೂ ನಡುವೆ ಉಳಿದ ಎರಡಡಿ ಜಾಗವೇ ಅವನ ಕಾಕ್‌ಪಿಟ್. "ರೀ, ಸ್ವಲ್ಪ ಏಳಿ, ಟವೆಲ್ ಬೇಕು" ಎಂದು ಹೆಂಡತಿ ಬಂದರೆ ಮೂವತ್ತು ಸಾವಿರ ಅಡಿ ಮೇಲೆ ವಿಮಾನ ಗಕ್ಕನೆ ನಿಲ್ಲುತ್ತಿತ್ತು. ಪ್ರಯಾಣಿಕರು ಒಬ್ಬರೂ ದೂರು ಕೊಟ್ಟಿರಲಿಲ್ಲ.

ಇರುವವನು ಒಬ್ಬನೇ ಆದ್ದರಿಂದ ಎಲ್ಲರ ಮಾತನ್ನೂ ಅವನೇ ಆಡಬೇಕು. ಕ್ಯಾಪ್ಟನ್ನಿಗೆ ತನ್ನದೇ ದನಿ, ಸಹಪೈಲಟ್ಟಿಗೆ ಕೊಂಚ ತೆಳು ದನಿ. ವಿಮಾನ ಇಳಿಯಬೇಕಾದರೆ ನೆಲದ ಮೇಲಿನ ಟವರ್‌ನಿಂದ ಅಪ್ಪಣೆ ಬೇಕಲ್ಲ, ಆ ಟವರ್‌ನ ಸಾಹೇಬನಿಗೆ ಹೊಟ್ಟೆಯೊಳಗಿಂದ ಎಳೆದು ತಂದ ದಪ್ಪ ದನಿ. ಹೆಂಡತಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಒಳಗೆ ಎಷ್ಟು ಜನ ಇದ್ದೀರ್ರೀ? ಎಲ್ಲರಿಗೂ ತಟ್ಟೆ ಹಾಕ್ಲಾ?"

ಹೀಗಿರುವಾಗ ಒಂದು ದಿನ ಏಳನೇ ಮಹಡಿ ಮತ್ತು ಎಂಟನೇ ಮಹಡಿ ನಡುವೆ ಒಬ್ಬ ಹೆಂಗಸು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರು. ಊರಾಚೆಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ವಿಮಾನ ಕಲಿಸುವವರಂತೆ. ಇವನು ಅವರನ್ನು ಹೊರಗೆ ತೆಗೆದ, ಆ ಋಣಕ್ಕೆ ಅವರು ಇವನನ್ನು ಕ್ಲಬ್ಬಿನೊಳಗೆ ಸೇರಿಸಿಕೊಂಡರು. "ನಾನು ಆಗಲೇ ಎರಡು ಸಾವಿರ ಗಂಟೆ ಹಾರಿಸಿದ್ದೀನಿ ಮೇಡಂ" ಎಂದು ಇವನು ಎದೆಯುಬ್ಬಿಸಿದ. ಎಲ್ಲಿ ಹಾರಿಸಿದ್ದು ಎಂದು ಅವರು ಕೇಳದೇ ಹೋದದ್ದು ಅವರ ದೊಡ್ಡ ಗುಣ.

ಮೊದಲ ದಿನ ಮೇಲಕ್ಕೇರಿದ್ದೇ ತಡ, ಅವನ ಕಣ್ಣು ಮೀಟರುಗಳ ಮುಳ್ಳಿನ ಮೇಲೆ ನೆಟ್ಟಿತು. ಮೇಡಂ ಸುಮ್ಮನೆ ಒಂದು ನ್ಯೂಸ್‌ಪೇಪರ್ ಬಿಚ್ಚಿ ಮೀಟರುಗಳನ್ನೆಲ್ಲ ಮುಚ್ಚಿಬಿಟ್ಟರು. "ಹೊರಗೆ ನೋಡಪ್ಪಾ. ಕಿಟಕಿ ಇಟ್ಟಿರೋದು ಅದಕ್ಕೇ." ಹೊರಗೆ ನೋಡಿದ. ಎರಡು ಸಾವಿರ ಗಂಟೆಯ ಅನುಭವಸ್ಥ ಹದಿನೈದನೇ ನಿಮಿಷಕ್ಕೆ ವಾಂತಿ ಚೀಲದಲ್ಲಿ ತಲೆ ಹುದುಗಿಸಿದ. ಕೆಳಗಿಳಿಯುವ ಹೊತ್ತಿಗೆ ಮಾನ ಮೂರು ಕಾಸಿಗೆ ಹೋಗಿತ್ತು. ಇದನ್ನು ಬಿಟ್ಟು ತಾನು ಬದುಕಲಾರೆ ಅನ್ನುವುದು ಅವನಿಗೆ ತಿಳಿದದ್ದೂ ಅವತ್ತೇ.

ಆಮೇಲೆ ಆರು ವರ್ಷ ಭಾನುವಾರಗಳೆಲ್ಲ ಕ್ಲಬ್ಬಿನ ಪಾಲಾದವು. ಎರಡು ಪರೀಕ್ಷೆ ಡುಮ್ಕಿ ಹೊಡೆದು, ಮತ್ತೆ ಕಟ್ಟಿ, ಕೊನೆಗೂ ಲೈಸೆನ್ಸ್ ಕೈಗೆ ಬಂತು. ಐದು ಏರ್‌ಲೈನ್ಸ್‌ಗಳು ಬಾಗಿಲಲ್ಲೇ ಕೈಮುಗಿದು ಕಳಿಸಿದವು. ಆರನೆಯದು ಕರೆಯಿತು. ಬರುವ ತಿಂಗಳು ಅವನಿಗೆ ಮೂವತ್ತೆಂಟು ತುಂಬಿದರೆ ವಯಸ್ಸು ಮೀರಿತೆಂದು ಆ ಬಾಗಿಲೂ ಮುಚ್ಚುತ್ತಿತ್ತು. "ಇದೊಂದು ಸಲ ಕಣೇ. ಆಗ್ಲಿಲ್ಲ ಅಂದ್ರೆ ಕಂಪ್ಯೂಟರ್ ಎತ್ತಿಟ್ಟುಬಿಡ್ತೀನಿ, ಹಾರೋ ಮಾತೇ ಆಡಲ್ಲ" ಎಂದು ಹೆಂಡತಿಗೆ ಮಾತು ಕೊಟ್ಟ. "ಟವರ್ ಸಾಹೇಬರು ಎಲ್ಲಿಗೆ ಹೋಗ್ತಾರೆ ಪಾಪ?" ಎಂದಳು ಅವಳು.

ಪರೀಕ್ಷೆ ನಡೆದದ್ದು ವಿಮಾನದ ಒಳಗನ್ನೇ ಹೋಲುವ ದೊಡ್ಡ ಸಿಮ್ಯುಲೇಟರಿನಲ್ಲಿ. ಇಬ್ಬಿಬ್ಬರು ಒಟ್ಟಿಗೆ ಕೂರಬೇಕು. ಓಡಿಸುವವನು ಇವನು. ಪಕ್ಕದಲ್ಲಿ ರೇಡಿಯೊ ನೋಡಿಕೊಳ್ಳಲು ಇಪ್ಪತ್ತಮೂರರ ಹುಡುಗಿ. ಹಿಂದೆ ಕೂತ ಪರೀಕ್ಷಕರದೇ ಟವರ್‌ನ ಪಾತ್ರ. ಕಿಟಕಿಯ ತುಂಬ ಮಂಜು ಕವಿಸಿದ್ದರು. ಇವನು ನೀಟಾಗಿ ಇಳಿಸುತ್ತ ಬಂದ. ಹುಡುಗಿ ರೇಡಿಯೊದಲ್ಲಿ ಅಪ್ಪಣೆ ಕೇಳಿದಳು. ಪರೀಕ್ಷಕರು ಬೇಕೆಂದೇ ಬಾಯಿ ಬಿಡಲಿಲ್ಲ. ಒಂದು ಕ್ಷಣ ಕಳೆಯಿತು, ಎರಡು ಕಳೆಯಿತು. ಆಗ ಎಲ್ಲರ ಹೆಡ್‌ಫೋನಿನಲ್ಲೂ ದಪ್ಪ ದನಿಯೊಂದು ಗಂಭೀರವಾಗಿ ನುಡಿಯಿತು: "ರನ್‌ವೇ ಖಾಲಿ ಇದೆ. ಇಳಿಯಬಹುದು."

"ಇಳಿಯುತ್ತಿದ್ದೇವೆ" ಎಂದಳು ಹುಡುಗಿ.

ಅವನಿಗೂ ಸಮಾಧಾನವಾಯಿತು. ಸಾಹೇಬರು ಒಪ್ಪಿದರಲ್ಲ! ನೆಲ ಇನ್ನೂರೈವತ್ತು ಅಡಿ ಕೆಳಗಿರುವಾಗ ತನ್ನ ಗಂಟಲು ಯಾಕೋ ಕೆರೆಯುತ್ತಿದೆ ಅನ್ನಿಸಿತು. ಮರುಗಳಿಗೆಗೆ ಅದು ಯಾಕೆಂದು ಹೊಳೆಯಿತು. ಬಾಯಿ ಮುಚ್ಚಿಕೊಂಡು ಇಳಿಸಿಬಿಟ್ಟರೆ ಆ ದನಿ ತನ್ನದೆಂದು ಯಾರಿಗೂ ಖಚಿತವಾಗಲಿಕ್ಕಿಲ್ಲ. ಹೇಳಿದರೆ ಹುಚ್ಚನೆಂದು ಆಚೆ ಹಾಕುತ್ತಾರೆ, ಆರು ವರ್ಷ ಮಣ್ಣುಪಾಲಾಗುತ್ತದೆ. ಆದರೂ ಕೈ ತಡೆಯಲಿಲ್ಲ, ಎಂಜಿನ್ನಿನ ಹಿಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿತು.

"ಇಳಿಯೋದು ಬೇಡ, ಮೇಲಕ್ಕೆ ಹೋಗೋಣ. ಅಪ್ಪಣೆ ಸಿಕ್ಕಿಲ್ಲ. ಈಗ ಮಾತಾಡಿದ್ದು... ನಾನೇ."

ವಿಮಾನ ಮೇಲೇರಿತು. ಪರೀಕ್ಷಕರು ಸಿಮ್ಯುಲೇಟರ್ ನಿಲ್ಲಿಸಿ ಹೆಡ್‌ಫೋನ್ ತೆಗೆದರು.

"ಇಪ್ಪತ್ತು ವರ್ಷದಿಂದ ಪರೀಕ್ಷೆ ಮಾಡ್ತಿದ್ದೀನಿ. ತನಗೆ ತಾನೇ ಅಪ್ಪಣೆ ಕೊಟ್ಕೊಂಡವನನ್ನ ನೋಡಿರಲಿಲ್ಲ. ಎಲ್ಲಿ ಕಲಿತ್ರಿ ಇದನ್ನ?"

"ಮನೇಲಿ ಸರ್."

"ಮನೇಲಿ ಬೇರೆ ಯಾರೂ ಇಲ್ವಾ ಅಪ್ಪಣೆ ಕೊಡೋಕೆ?"

"ಹೆಂಡತಿ ಇದ್ದಾಳೆ ಸರ್. ಅವಳು ಕೊಡಲ್ಲ."

ಪರೀಕ್ಷಕರು ನಗಲಿಲ್ಲ. "ಆ ಮಂಜಿನಲ್ಲಿ ರನ್‌ವೇ ಮೇಲೆ ಇನ್ನೊಂದು ವಿಮಾನ ನಿಲ್ಲಿಸಿದ್ದೆ. ಇಳಿಸಿದ್ದಿದ್ರೆ ನೇರ ಅದಕ್ಕೇ ಗುದ್ದುತ್ತಿದ್ರಿ. ಬೆಳಿಗ್ಗೆಯಿಂದ ನಾಲ್ಕು ಜನ ಗುದ್ದಿದ್ದಾರೆ." ಕಾಗದದ ಮೇಲೆ ಏನೋ ಗೀಚಿದರು. "ಸೋಮವಾರ ಟ್ರೇನಿಂಗಿಗೆ ಬನ್ನಿ. ಆ ಟವರ್‌ನವನನ್ನ ಮಾತ್ರ ಮನೇಲೇ ಬಿಟ್ಟು ಬನ್ನಿ."

ಹೊರಗೆ ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಫೋನ್ ಮಾಡಿದ. ನಡೆದ ಪೇಚನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳಿದ. ಅವಳು ಬಿದ್ದು ಬಿದ್ದು ನಗುತ್ತಾಳೆಂದು ಕಾದ.

"ಏನೇ? ಕೆಲಸ ಸಿಕ್ತು ಕಣೇ!"

"ಕೇಳಿಸ್ತು. ಖುಷಿನೇ ನಂಗೆ" ಎಂದಳು ಅವಳು. "ನೀವು ಕ್ಲಬ್ಬಿಗೆ ಹೋದ ಭಾನುವಾರ ಎಲ್ಲಾ ನಾನು ಮನೇಲಿರೋ ಬಟ್ಟೆನೆಲ್ಲ ಒಗೀತಿದ್ದೆ, ಒಗೆದಿದ್ದನ್ನೇ ಮತ್ತೆ ಒಗೀತಿದ್ದೆ. ಸುಮ್ನೆ ಕೂತ್ರೆ ವಿಮಾನ ಬೀಳೋದೇ ಕಣ್ಮುಂದೆ ಬರ್ತಿತ್ತು. ಇನ್ಮೇಲೆ ವಾರದಲ್ಲಿ ಐದು ದಿನ ಏನು ಮಾಡ್ಲಿ, ಹೇಳಿ?"

ಆರು ವರ್ಷದಲ್ಲಿ ಒಂದು ಸಲವೂ ಅವನು ಅವಳನ್ನು ನಿನಗೆ ಭಯವೇ ಎಂದು ಕೇಳಿರಲಿಲ್ಲ. ಎಲ್ಲರ ಮಾತನ್ನೂ ತಾನೇ ಆಡುವವನಿಗೆ ಕೇಳುವ ಅಭ್ಯಾಸವೆಲ್ಲಿ? ತನ್ನ ಮೇಲೆ ಅವನಿಗೆ ನಿಜಕ್ಕೂ ಹೇಸಿಗೆಯಾಯಿತು.

"ಹೇಳು" ಎಂದ. "ಎಲ್ಲಾನೂ ಹೇಳು. ನಾನು ಬಾಯಿ ಹಾಕಲ್ಲ."

ಅವಳು ಮುಕ್ಕಾಲು ಗಂಟೆ ಮಾತಾಡಿದಳು. ಅವನು ಹೂಂ ಅನ್ನುವುದನ್ನು ಬಿಟ್ಟು ಬೇರೇನೂ ಆಡಲಿಲ್ಲ.