ಕೆಳಗಿನೂರಿನವರು ದೂರಲಿಲ್ಲ

ಆ ಗುರುವಾರ ಬೆಳಗ್ಗೆ ಗಾಳಿಯಿಲ್ಲದ ಮಳೆ. ಸೂವಾ ಪಟ್ಟಣದ ಕಡೆಯ ಮಳೆಗೆ ಗುಡುಗು ಬೇಡ, ಸಿಟ್ಟೂ ಬೇಡ. ಮೇಲೆ ಯಾರೋ ಕೂತು ನೆನೆದ ಬಟ್ಟೆ ಹಿಂಡುತ್ತಿದ್ದಾರೇನೋ ಅನ್ನುವ ಹಾಗೆ ಒಂದೇ ಸಮನೆ ಸುರಿಯುತ್ತದೆ. ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಮಕ್ಕಳು ಹಾಡುತ್ತಿದ್ದರು. ಹಾಡು ಗುಡ್ಡ ಇಳಿಯುತ್ತಿತ್ತು, ಅದರ ಜೊತೆಗೆ ನೀರೂ ಇಳಿಯುತ್ತಿತ್ತು.

ನಮ್ಮದು ಚರ್ಚಿನ ಕಾಲೇಜು, ಗುಡ್ಡದ ನೆತ್ತಿಯ ಮೇಲಿದೆ. ನಾನು ಅಲ್ಲಿ ಬೈಬಲ್ ಪಾಠ ಹೇಳುವವನು. ಕಟ್ಟಡ, ನಲ್ಲಿ, ಚರಂಡಿ ಇವೆಲ್ಲ ಪೆನಾಯಾನ ಪಾಲು. ಅವನು ಕಂದಾವು ದ್ವೀಪದವನು. ಗಂಟಲು ದೊಡ್ಡದು, ಮನಸ್ಸು ಮೆತ್ತಗೆ. ಪ್ರಾರ್ಥನೆ ಮುಗಿಸಿ ಹೊರಗೆ ಬಂದಾಗ ಮೆಟ್ಟಿಲ ಬಳಿ ಕಾಯುತ್ತಾ ನಿಂತಿದ್ದ.

“ಗುರುಗಳೇ, ಒಂದಿಷ್ಟು ನಡೀತೀರಾ? ಈ ನೀರು ಎಲ್ಲಿಗೆ ಹೋಗ್ತದೆ ನೋಡ್ಕೊಂಡು ಬರೋಣ.”

ಎಲ್ಲಿಗೆ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ನಡೆದೆವು. ಬಸ್ಸು ನಿಲ್ಲುವ ಅಂಗಳದಲ್ಲಿ ನೀರಿನ ಮೇಲೆ ಎಣ್ಣೆ ನವಿಲುಗರಿಯಂತೆ ಬಣ್ಣ ಬಿಟ್ಟಿತ್ತು. ಅಡುಗೆಮನೆಯ ಹಿಂದೆ ಜಿಡ್ಡು, ಹಾಸ್ಟೆಲ್ಲಿನ ಬಟ್ಟೆ ಒಗೆಯುವ ಕಲ್ಲಿನಿಂದ ಸೋಪಿನ ನೊರೆ, ಹೊಸ ಸಭಾಭವನಕ್ಕೆ ಅಗೆದಲ್ಲಿಂದ ಕೆಂಪು ಮಣ್ಣು. ಎಲ್ಲವೂ ಒಂದೇ ಕಾಂಕ್ರೀಟ್ ಚರಂಡಿಗೆ ಬಿದ್ದು, ಎಲ್ಲೂ ನಿಲ್ಲದೆ, ತೊರೆಗೆ, ತೊರೆಯಿಂದ ಕಡಲಂಚಿನ ಕಾಂಡ್ಲಾ ಗಿಡಗಳ ಬುಡಕ್ಕೆ ಹೋಗಿ ಸೇರುತ್ತಿತ್ತು.

ಗುಡ್ಡದ ಬುಡದಲ್ಲಿ ಒಂದು ತಗ್ಗು ಜಾಗವಿತ್ತು. ಪೆನಾಯಾ ಅಲ್ಲಿ ನಿಂತ. “ಇಲ್ಲೊಂದು ಕೊಳ ಸಾಕು. ನೀರು ಬಂದು ಸ್ವಲ್ಪ ಹೊತ್ತು ಕೂತ್ಕೋಬೇಕು. ಮಣ್ಣು ತಳಕ್ಕಿಳೀತದೆ, ಎಣ್ಣೆ ತಡೆಗೋಡೆ ಹತ್ರ ನಿಲ್ತದೆ, ಉಳಿದಿದ್ದನ್ನ ಜೊಂಡು ಕುಡೀತದೆ. ಆದ್ರೆ ಬುಧವಾರದ ಸಭೇಲಿ ಇದನ್ನ ಕಾರು ನಿಲ್ಲಿಸೋಕೆ ಕೊಡ್ತಾರೆ. ಕಾಂಕ್ರೀಟ್ ಬಿದ್ಮೇಲೆ ಈ ಗುಡ್ಡದಲ್ಲಿ ಇನ್ನೊಂದು ತಗ್ಗಿಲ್ಲ.”

“ಸಭೇಲಿ ಹೇಳು.”

“ಹೋದ ವರ್ಷವೂ ಹೇಳ್ದೆ. ‘ಕೆಳಗಿನೂರಿನವರು ಯಾರಾದ್ರೂ ದೂರಿದ್ದಾರಾ?’ ಅಂತ ಕೇಳಿದ್ರು. ದೂರಿಲ್ಲ. ದೂರೋದೂ ಇಲ್ಲ.”

ಕೆಳಗಿನೂರು ಅಂದರೆ ವುನಿದೊಂಗೊ. ಆ ಊರಿಗೂ ಪೆನಾಯಾನ ದ್ವೀಪಕ್ಕೂ ಹಿಂದಿನ ಕಾಲದಲ್ಲಿ ಮೂಲಪುರುಷ ಒಬ್ಬನೇ ಎಂದು ಹಿರಿಯರ ಮಾತು. ಹಾಗಾಗಿ ಅವರು ಪರಸ್ಪರ ತೌವು. ತೌವುಗಳು ಕಂಡಕಂಡಲ್ಲಿ ಬೈದಾಡಬಹುದು, ಒಬ್ಬರ ಮನೆಯದನ್ನು ಇನ್ನೊಬ್ಬರು ನಗುತ್ತಾ ಹೊತ್ತೊಯ್ಯಬಹುದು, ಹಿಂದಕ್ಕೆ ಕೇಳುವ ಹಾಗೂ ಇಲ್ಲ, ಕೊಡುವ ಹಾಗೂ ಇಲ್ಲ. ಸಿಟ್ಟು ಮಾತ್ರ ಮಾಡಬಾರದು. ಒಬ್ಬರ ಮೇಲೊಬ್ಬರು ದೂರು ಹೇಳಿದರೆ ನಂಟು ಅಲ್ಲಿಗೆ ತೀರಿತು. ದೇವರು ಮನುಷ್ಯರ ನಡುವೆ ಇಟ್ಟ ಪ್ರೀತಿಗಳಲ್ಲಿ ಇದೂ ಒಂದು ಎಂದು ನಾನೇ ಎಷ್ಟೋ ಸಲ ಪೀಠದ ಮೇಲೆ ನಿಂತು ಹೇಳಿದ್ದೆ.

ತೊರೆಯ ಬಾಯಲ್ಲಿ ಆ ಊರಿನ ಮೆರೆವಾಲೆಸಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬೆಳಚು ಚಿಪ್ಪು ಹೆಕ್ಕುತ್ತಿದ್ದಳು. ಗಂಡ ಕಡಲಲ್ಲಿ ತೀರಿಹೋದ ಮೇಲೆ ಈ ಕೆಸರಿನ ಚಿಪ್ಪುಗಳಿಂದಲೇ ಮನೆ ನಡೆಸಿದವಳು. ಪೆನಾಯಾನನ್ನು ಕಂಡದ್ದೇ ಸೊಂಟದ ಮೇಲೆ ಕೈಯಿಟ್ಟಳು.

“ಬಂದ ನೋಡು ಕಂದಾವಿನ ಕಳ್ಳ! ನಿಮ್ಮ ದ್ವೀಪದಲ್ಲಿ ಸೋಪು ಕಂಡಿದ್ದೇ ಈಗ, ಅದಕ್ಕೇ ಊರಿಗೆಲ್ಲ ಹಂಚ್ತಿದ್ದೀಯ?”

“ನಿಮ್ಮೂರಿನ ಏಡಿಗಳ ಮೈ ನಾರ್ತಿತ್ತು, ಅದಕ್ಕೇ ಕಳಿಸ್ದೆ ಕಣೇ.”

“ಆಯ್ತಪ್ಪ. ಇನ್ಮೇಲೆ ಭಾನುವಾರ ಅವೂ ಬಿಳಿ ಅಂಗಿ ತೊಟ್ಟು ಚರ್ಚಿಗೆ ಬರ್ತವೆ!”

ಇಬ್ಬರೂ ನಕ್ಕರು. ನಾನು ಅವಳ ಬುಟ್ಟಿಯೊಳಗೆ ಇಣುಕಿದೆ. ಚಿಪ್ಪುಗಳು ಬಾಯಿ ತೆರೆದುಕೊಂಡಿದ್ದವು. ಬದುಕಿರುವ ಬೆಳಚು ಹಾಗೆ ಬಾಯಿ ಬಿಡುವುದಿಲ್ಲ. ಡೀಸೆಲ್ಲಿನ ವಾಸನೆ ಬರುತ್ತಿತ್ತು. ನಗು ಮುಗಿದ ಮೇಲೆ ಅವಳು ಬುಟ್ಟಿಯನ್ನು ಕೆಸರಿಗೇ ಸುರಿದಳು.

ಊರ ಯಜಮಾನ ಎರೊನಿಯ ಮನೆಯಲ್ಲಿ ಯಂಗೊನಾ ಬೇರು ಕದಡಿದ ನೀರು ಸಿದ್ಧವಾಗಿತ್ತು. ಕರಟ ಸುತ್ತಿ ಬಂತು. ಪೆನಾಯಾ ಕುಡಿದು ಕೆಳಗಿಟ್ಟವನು ಎರೊನಿಯ ಮುಂದೆ ಬಾಗಿ ಕೂತ.

“ತೌವು, ಒಂದು ಕೇಳ್ತೀನಿ. ಬುಧವಾರ ಮೇಲೆ ಬಾ. ಸಭೇಲಿ ಎದ್ದು ನಿಂತು ‘ನಮ್ಮ ಬೆಳಚು ಸಾಯ್ತಿವೆ, ನಿಮ್ಮ ನೀರು ತಡೀರಿ’ ಅನ್ನು. ಅಷ್ಟೇ. ಆಮೇಲೆ ಎಲ್ಲ ನಾನು ನೋಡ್ಕೋತೀನಿ.”

“ನಿನ್ನ ಮೇಲೆ ದೂರು ಹೇಳ್ಲಾ? ನಮ್ಮಜ್ಜ ಗೋರಿಯಿಂದ ಎದ್ದು ಬಂದು ನನ್ನ ಕಿವಿ ಹಿಂಡ್ತಾನೆ.”

“ನನ್ನ ಮೇಲಲ್ಲ ಮಾರಾಯ, ಕಾಲೇಜಿನ ಮೇಲೆ.”

“ಆ ಚರಂಡಿ ಯಾರ ಕೈಯಲ್ಲಿದೆ? ನಿನ್ನ ಕೈಯಲ್ಲಿ. ನಾನು ಬೆರಳೆತ್ತಿದ್ರೆ ಅದು ನಿನ್ನ ಕಡೆಗೇ ತಾನೇ?” ಎರೊನಿ ನಗುತ್ತಲೇ ಇದ್ದ. ಕಣ್ಣು ಮಾತ್ರ ನಗಲಿಲ್ಲ. “ಮೇಲಿರೋದು ದೇವರ ಮನೆ, ಅದರ ಬಾಗಿಲಲ್ಲಿ ನಮ್ಮ ತೌವು. ನಾವು ಯಾರನ್ನ ದೂರೋಣ ಹೇಳು?”

“ಹಾಗಾದ್ರೆ ನಾನು ಕೆಲಸ ಬಿಡ್ತೀನಿ. ಆಗ ಬರ್ತೀಯಾ?”

“ನೀನು ಬಿಟ್ರೆ ಬರೋನು ಇಷ್ಟಾದ್ರೂ ಕೆಳಗಿಳಿದು ನೋಡ್ತಾನಾ?”

ಪೆನಾಯಾ ನನ್ನ ಕಡೆ ತಿರುಗಿದ. ನಾನು ಬಾಗಿಲಾಚೆ ನೋಡಿದೆ. ಹೊರಗೆ ಮಳೆ ನಿಂತಿತ್ತು. ತೊರೆ ಕೆಂಪಗೆ ಹರಿಯುತ್ತಲೇ ಇತ್ತು.

ಬುಧವಾರ ಪೆನಾಯಾ ಬಿಳಿ ಅಂಗಿ ತೊಟ್ಟು ಸಭೆಗೆ ಬಂದ. ಕೊಳದ ಮಾತು ಎತ್ತಿದ. ಸತ್ತ ಚಿಪ್ಪುಗಳನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ, ಬಿಚ್ಚಿ ಮೇಜಿನ ಮೇಲೆ ಇಟ್ಟ. ಪ್ರಿನ್ಸಿಪಾಲರು ಒಳ್ಳೆಯವರು. ವಾಸನೆಗೆ ಮುಖ ತಿರುಗಿಸಲಿಲ್ಲ, ಒಂದು ಚಿಪ್ಪನ್ನು ಕೈಗೆತ್ತಿಕೊಂಡೂ ನೋಡಿದರು.

“ಪಾಪ,” ಎಂದರು. “ಆದ್ರೆ ಪೆನಾಯಾ, ಊರಿನವರು ಏನು ಹೇಳ್ತಾರೆ?”

“ಅವರು ಹೇಳೋದಿಲ್ಲ ಸ್ವಾಮಿ. ಹೇಳೋಕೆ ಅವರಿಗೆ ಬರೋದಿಲ್ಲ.”

“ಎರೊನಿ ಭಾನುವಾರ ನನ್ನ ಕೈ ಕುಲುಕಿ, ಎಲ್ಲ ಚೆನ್ನಾಗಿದೆ ಅಂದ್ನಲ್ಲ?”

ನಾನು ಎದ್ದು ಹೇಳಿದೆ: ಅವರು ದೂರದೇ ಇರುವುದು ನೋವಿಲ್ಲವೆಂದಲ್ಲ, ನಂಟು ದೊಡ್ಡದೆಂದು. ಎಲ್ಲರೂ ತಲೆದೂಗಿದರು. ನಮ್ಮಲ್ಲಿ ತಲೆದೂಗುವುದಕ್ಕೆ ಏನೂ ಕಷ್ಟವಿಲ್ಲ. ಕಾರು ನಿಲ್ಲಿಸುವ ಜಾಗಕ್ಕೆ ಒಪ್ಪಿಗೆ ಆಯಿತು, ಕೊಳದ ವಿಷಯ ಮುಂದೆ ನೋಡೋಣ ಎಂದಾಯಿತು. ಕೊನೆಯ ಪ್ರಾರ್ಥನೆ ನನ್ನನ್ನೇ ಹೇಳಲು ಕೇಳಿದರು. ಕಣ್ಣು ಮುಚ್ಚಿದೆ. “ನಿನ್ನ ಚಿತ್ತದಂತೆ ಆಗಲಿ” ಎಂದೆ. ಎಲ್ಲರೂ ಆಮೆನ್ ಎಂದರು. ಆ ಕಾರಿನ ಜಾಗ ಯಾರ ಚಿತ್ತವೆಂದು ಇಂದಿಗೂ ನನಗೆ ತಿಳಿಯದು.

ತಗ್ಗಿಗೆ ಕಲ್ಲು ಬಿತ್ತು, ಕಾಂಕ್ರೀಟ್ ಬಿತ್ತು. ನೀರು ಮೊದಲಿಗಿಂತ ಜೋರಾಗಿ ಓಡಿತು. ಮಳೆ ಬಂದಾಗೆಲ್ಲ ಪೆನಾಯಾ ಚರಂಡಿಯ ಬಾಯಿಗೆ ಗೋಣಿಚೀಲ, ತೆಂಗಿನ ನಾರು ತುರುಕುತ್ತಿದ್ದ. ನೀರು ಅವನ್ನೂ ಹೊತ್ತು ಕಾಂಡ್ಲಾ ಬುಡಕ್ಕೆ ಒಯ್ಯುತ್ತಿತ್ತು. ತೊರೆಯ ಬಾಯಲ್ಲಿ ಯಾರೂ ಬುಟ್ಟಿ ಹಿಡಿದು ಇಳಿಯದಂತಾಯಿತು. ಮೆರೆವಾಲೆಸಿ ಮಾರುಕಟ್ಟೆಯಲ್ಲಿ ಇನ್ಯಾರದೋ ಮರಗೆಣಸು ಮಾರಲು ಕೂತಿದ್ದಾಳೆಂದು ಕೇಳಿದೆವು.

ಒಂದು ಶನಿವಾರ ಮಧ್ಯಾಹ್ನ ನಾನು ಪೆನಾಯಾನ ಜಗಲಿಯಲ್ಲಿ ಕೂತಿದ್ದೆ. ಮೆರೆವಾಲೆಸಿ ಗುಡ್ಡ ಹತ್ತಿ ಬಂದಳು. ಕೈಯಲ್ಲಿ ದೊಡ್ಡ ಅಲ್ಯುಮಿನಿಯಂ ಪಾತ್ರೆ. ಪೆನಾಯಾನ ಮಗಳ ಮದುವೆಯಲ್ಲಿ ಅವನ ಹೆಂಡತಿಯ ಅಡುಗೆಮನೆಯಿಂದ ಅವಳು ಕಿರುಚಿ ನಗುತ್ತಾ ಕಿತ್ತುಕೊಂಡು ಓಡಿದ್ದ ಪಾತ್ರೆ. ಅಂದಿನಿಂದ ಅವಳು ಬೆಳಚು ಬೇಯಿಸುತ್ತಿದ್ದುದು ಅದರಲ್ಲೇ.

ಪೆನಾಯಾನ ಮುಖ ಅರಳಿತು. “ಓಹೋ, ಬಂದ್ಲಪ್ಪ ಕೆಸರಿನ ರಾಣಿ! ಈ ಸಲ ಏನು ಕದಿಯೋಕೆ ಬಂದೆ? ಒಲೆ ಒಂದು ಉಳಿದಿದೆ, ಅದನ್ನೂ ಹೊತ್ಕೊಂಡು ಹೋಗು.”

ಅವಳು ಬೈಯಲಿಲ್ಲ. ಪಾತ್ರೆಗೆ ಹಿಡಿದಿದ್ದ ಮಸಿಯನ್ನೆಲ್ಲ ತಿಕ್ಕಿ ತೊಳೆದಿದ್ದಳು. ಪೆನಾಯಾ ಕೈಚಾಚದೆ ಹಿಂದಕ್ಕೆ ಸರಿದ.

“ಬೇಡ ಕಣೇ. ಒಂದು ಮಾತು ಬೈದು ಹೋಗು.”

ಅವಳು ಬಗ್ಗಿ, ಸದ್ದಾಗದಂತೆ, ಪಾತ್ರೆಯನ್ನು ಅವನ ಹೊಸ್ತಿಲ ಮೇಲೆ ಇಟ್ಟಳು.

“ಇದು ನಿಮ್ಮದು,” ಎಂದಳು.